ಮಗುಚಿ ಹಾಕಿದ ಹಾಸಿಗೆ

ಪುಣೆ
18 ಅಕ್ಟೋಬರ್ 2024

ದೇವಿರಮ್ಮ ಅವರಿಗೆ ಸುಚಿತ್ರಾ ಮಾಡುವ ವಂದನೆಗಳು.

ನೂರ ಹನ್ನೆರಡನೇ ರೂಮಿನವಳು ನಾನು. ಕ್ಷೇಮವಾಗಿ ಊರು ಸೇರಿದೆವು. ರೈಲಿನಲ್ಲಿ ನಮ್ಮ ಯಜಮಾನರು ಸರಿಯಾಗಿ ಊಟ ಮಾಡಲಿಲ್ಲ. ಆದರೆ ಮುಖದಲ್ಲಿ ಏನೋ ನೆಮ್ಮದಿ ಇತ್ತು.

1994ರಲ್ಲಿ ಇವರು ನೀರಾವರಿ ಇಂಜಿನಿಯರುಗಳ ಸಮ್ಮೇಳನಕ್ಕೆಂದು ಮೈಸೂರಿಗೆ ಬಂದಾಗ ಚಂದ್ರಶಾಲೆ ಹೋಟೆಲಿನಲ್ಲೇ ನಾಲ್ಕು ದಿನ ಉಳಿದಿದ್ದೆವು. ನನ್ನ ತವರು ಅಲ್ಲೇ ಜಯಲಕ್ಷ್ಮಿಪುರಂನಲ್ಲಿ ಇದ್ದರೂ ಇವರು "ಹೋಟೆಲಲ್ಲೇ ಇರೋಣ ಕಣೇ" ಎಂದು ಹಟ ಹಿಡಿದಿದ್ದರು. ಆಗ ಆ ಹೋಟೆಲಿನ ಗತ್ತೇ ಬೇರೆ. ಪೇಟ ಸುತ್ತಿದ ದ್ವಾರಪಾಲಕ, ಹುಲ್ಲಿನ ಮೇಲೆ ನವಿಲು, ಸಂಜೆ ವೀಣೆ. ಕಳೆದ ವರ್ಷ ಪಾರ್ಶ್ವವಾಯು ಹೊಡೆದು ಬಲಗಡೆ ಬಿದ್ದುಹೋದ ಮೇಲೆ ಇವರು ಬಾಯಿಬಿಟ್ಟು ಕೇಳಿದ್ದು ಅದೊಂದೇ: "ಒಂದ್ಸಲ ದಸರಾಕ್ಕೆ ಅಲ್ಲಿಗೆ ಕರ್ಕೊಂಡು ಹೋಗು."

ಬಂದು ನೋಡಿದರೆ ಲಿಫ್ಟು ಕೆಟ್ಟಿದೆ. ಈಜುಕೊಳದಲ್ಲಿ ಒಣ ಎಲೆ. ತೂಗುದೀಪದ ಅರ್ಧ ಬಲ್ಬು ಉರಿಯುವುದಿಲ್ಲ. ಕಾರ್ಪೆಟ್ಟಿನಿಂದ ನೆನೆದ ನಾಯಿಯ ವಾಸನೆ. ಸ್ನಾನಕ್ಕೆ ಬಿಸಿನೀರು ಕೇಳಿದರೆ, "ಇದು ಪಾರಂಪರಿಕ ಕಟ್ಟಡ ಮೇಡಂ" ಎನ್ನುತ್ತಾರೆ! ಬನ್ನಿಮಂಟಪದ ಪಂಜಿನ ಕವಾಯತಿಗೂ ಹೋಗಲಾಗಲಿಲ್ಲ, ಟಿ.ವಿ.ಯಲ್ಲೇ ನೋಡಿದೆವು. ಆದರೂ ಇವರಿಗೆ ಸಂತೋಷ. ಅದಕ್ಕೆ ಕಾರಣ ನೀವು.

ಕೊನೆಯ ದಿನ ನೀವು ಸಂಕೋಚಪಟ್ಟುಕೊಂಡು ಕೇಳಿದಿರಲ್ಲ, "ಅಮ್ಮಾ, ಪೋನಲ್ಲಿ ಹೋಟೆಲ್ ಬಗ್ಗೆ ಬರೆಯುವಾಗ ನನ್ನ ಹೆಸರು ಒಂಚೂರು ಹಾಕಿ, ನಮಗೆ ಕೆಲಸ ಮುಂದುವರಿಸೋಕೆ ಅದು ಬೇಕಾಗ್ತದೆ" ಎಂದು. ಹಾಕಿದ್ದೇನೆ. ನೀವು ಕೊಟ್ಟ ಚೀಟಿಯಲ್ಲಿ ಮನೆ ವಿಳಾಸ ಮಾತ್ರ ಇದ್ದುದರಿಂದ ಇಲ್ಲಿ ಬರೆದು ಕಳಿಸುತ್ತಿದ್ದೇನೆ, ಓದಿ:

"ಈ ಹೋಟೆಲಿಗೆ ವಯಸ್ಸಾಗಿದೆ. ಆದರೆ ಇಲ್ಲಿ ದೇವಿರಮ್ಮ ಎಂಬಾಕೆ ಇದ್ದಾರೆ. ನನ್ನ ಪತಿಯ ಅನಾರೋಗ್ಯದಿಂದ ಮೂರು ದಿನ ಹಾಸಿಗೆ ಕೆಟ್ಟಾಗ ಆಕೆ ಮುಖ ಸಿಂಡರಿಸದೆ, ಯಾರಿಗೂ ಗೊತ್ತಾಗದ ಹಾಗೆ ತೊಳೆದು, ಒಣಗಿಸಿ, ಮಗುಚಿ ಹಾಕಿ ನಮ್ಮ ಮಾನ ಕಾಪಾಡಿದರು. ನನ್ನ ಐದು ನಕ್ಷತ್ರ ಹೋಟೆಲಿಗಲ್ಲ, ಆಕೆಗೆ."

ಹೇಗಿದೆ? ಬರೆದ ಮೇಲೆ ನನಗೇ ಕಣ್ಣು ತುಂಬಿ ಬಂತು.

ಇತಿ ನಿಮ್ಮ,
ಸುಚಿತ್ರಾ ರುದ್ರಸ್ವಾಮಿ


ಕುಂಬಾರಕೊಪ್ಪಲು, ಮೈಸೂರು
5 ನವೆಂಬರ್ 2024

ಮೇಡಂ ಅವರಿಗೆ ದೇವಿರಮ್ಮನ ನಮಸ್ಕಾರಗಳು.

ಕಾಗದ ತಲುಪಿತು. ಸಾಹೇಬರು ಊಟ ಮಾಡುತ್ತಿದ್ದಾರಾ? ಎಡಗೈ ಆಡಿಸುವುದನ್ನು ಬಿಡಬಾರದು ಎಂದು ಹೇಳಿ. ಇಲ್ಲಿ ಇದ್ದಾಗ ಲೋಟವನ್ನು ತಾವೇ ಎತ್ತುತ್ತಿದ್ದರು.

ನೀವು ಬರೆದದ್ದನ್ನು ಹೋಟೆಲಿನಲ್ಲಿ ಎಲ್ಲರೂ ಓದಿದರು. ಮ್ಯಾನೇಜರ್ ಮಹೇಶ್ ಸಾರ್ ಎಲ್ಲರನ್ನೂ ನಿಲ್ಲಿಸಿ ಓದಿಸಿದರು.

ನಾನು ಸ್ವಲ್ಪ ದಿನದಿಂದ ಮನೆಯಲ್ಲೇ ಇದ್ದೇನೆ. ಮಂಡಿನೋವು.

ಒಂದು ಕೋರಿಕೆ. "ಯಾರಿಗೂ ಗೊತ್ತಾಗದ ಹಾಗೆ" ಎಂಬ ಮಾತನ್ನು ತೆಗೆದುಹಾಕಿ. ಗೊತ್ತಿತ್ತಲ್ಲ ಮೇಡಂ. ಮೊದಲನೇ ದಿನ ಬೆಳಿಗ್ಗೆ ಸಾಹೇಬರೇ ರಿಸೆಪ್ಷನ್ನಿಗೆ ಫೋನ್ ಮಾಡಿ ಹೇಳಿದ್ದರಲ್ಲ. ಅದನ್ನು ಸೇರಿಸಿ ಬರೆದರೆ ಸಾಕು. ಹೋಟೆಲಿನಿಂದ ಯಾರಾದರೂ ಕರೆ ಮಾಡಿ ನನ್ನ ವಿಷಯ ಕೇಳಿದರೆ ಹೆಚ್ಚು ಹೇಳಬೇಡಿ.

ಬೇರೆ ಏನೂ ಇಲ್ಲ. ಚೆನ್ನಾಗಿದ್ದೇನೆ.

ದೇವಿರಮ್ಮ


ಪುಣೆ
22 ನವೆಂಬರ್ 2024

ಪ್ರೀತಿಯ ದೇವಿರಮ್ಮ,

ನಿಮ್ಮ ಕಾಗದ ಓದಿ ನಗು ಬಂತು. ಹೊಗಳಿದರೆ ಇಷ್ಟು ನಾಚಿಕೊಳ್ಳುವವರನ್ನು ನಾನು ಈ ಕಾಲದಲ್ಲಿ ನೋಡಿಲ್ಲ. ಮಾಡಿದ ಕೆಲಸ ನಿಮ್ಮದು. ಅದರ ಕೀರ್ತಿಯನ್ನು ರಿಸೆಪ್ಷನ್ನಿನ ಹುಡುಗಿಗೆ ಯಾಕೆ ಹಂಚಬೇಕು? ಬರೆದದ್ದು ಹಾಗೇ ಇರಲಿ.

ಇನ್ನೊಂದು ಸಂತೋಷದ ಸುದ್ದಿ. ನಿಮ್ಮ ಕಾಗದಕ್ಕೆ ಮೊದಲೇ ಮಹೇಶ್ ಅವರು ಫೋನ್ ಮಾಡಿದ್ದರು. ಎಷ್ಟು ವಿನಯ! "ಇಂಥ ಸಿಬ್ಬಂದೀನ ನಾವು ಗುರುತಿಸ್ಬೇಕಲ್ವಾ ಮೇಡಂ, ಒಂದ್ ಸ್ವಲ್ಪ ವಿವರವಾಗಿ ಹೇಳಿ" ಎಂದರು. ಎಲ್ಲ ಹೇಳಿದೆ. ಮೂರು ಬೆಳಗ್ಗೆಯೂ ನೀವೇ ಬಂದದ್ದು, ಬಾತ್‌ರೂಮಿನಲ್ಲಿ ಕೈಯಲ್ಲೇ ಚಾದರ ತೊಳೆದದ್ದು, ಹಾಸಿಗೆಯನ್ನು ಹಿಂದಿನ ಮೆಟ್ಟಿಲಲ್ಲಿ ತಾರಸಿಗೆ ಹೊತ್ತು ಒಣಗಿಸಿದ್ದು. "ಬೇರೆ ಯಾರಿಗೂ ಗೊತ್ತಿರ್ಲಿಲ್ಲ ಅಲ್ವಾ ಮೇಡಂ?" ಎಂದು ಎರಡು ಸಲ ಕೇಳಿದರು. "ಇಲ್ಲಪ್ಪ, ಆಕೆಯೊಬ್ಬಳಿಗೇ" ಎಂದೆ. ಅದನ್ನೇ ಇ-ಮೇಲಿನಲ್ಲಿ ಬರೆದುಕೊಡಿ ಎಂದರು, ಬರೆದುಕೊಟ್ಟೆ. ನಮಗೆ ಎರಡು ದಿನ ಉಚಿತ ವಾಸ್ತವ್ಯದ ಕೂಪನ್ ಕಳಿಸಿದ್ದಾರೆ.

ನಿಮಗೆ ಬಡ್ತಿ ಸಿಗಬಹುದು ಅನ್ನಿಸುತ್ತಿದೆ. ಸಿಕ್ಕರೆ ಮೊದಲು ನನಗೆ ತಿಳಿಸಬೇಕು.

ಒಂದು ಹತ್ತಿ ಸೀರೆ ಕಳಿಸಿದ್ದೇನೆ. ಬೇಡ ಅನ್ನಬಾರದು. ಮಂಡಿಗೆ ಎಳ್ಳೆಣ್ಣೆ ಬಿಸಿಮಾಡಿ ಹಚ್ಚಿ.

ಇವರು ಯಾಕೋ ಸರಿಯಿಲ್ಲ. ಮಾತು ಕಡಿಮೆ ಮಾಡಿದ್ದಾರೆ.

ನಿಮ್ಮ,
ಸುಚಿತ್ರಾ


ಕುಂಬಾರಕೊಪ್ಪಲು
12 ಡಿಸೆಂಬರ್ 2024

ಸುಚಿತ್ರಮ್ಮನವರಿಗೆ,

ಸೀರೆ ವಾಪಸು ಕಳಿಸಿದ್ದೇನೆ. ಬಣ್ಣ ಚೆನ್ನಾಗಿದೆ. ಉಡುವ ಸ್ಥಿತಿಯಲ್ಲಿ ನಾನಿಲ್ಲ.

ನನಗೆ ಮಂಡಿನೋವು ಇಲ್ಲ. ಸುಳ್ಳು ಬರೆದಿದ್ದೆ. ನನ್ನನ್ನು ಕೆಲಸದಿಂದ ಹೊರಗಿಟ್ಟು ಇವತ್ತಿಗೆ ಐವತ್ತೆರಡು ದಿನ. ನಿಮ್ಮ ಹೊಗಳಿಕೆ ಬಂದ ಮೂರನೇ ದಿನ ಹೋಟೆಲಿಗೆ ಹೋದರೆ, ಗೇಟಿನಲ್ಲಿ ಕಾವಲಿನ ಮೂಗಯ್ಯ ಅಡ್ಡ ನಿಂತ. "ಅಕ್ಕೋ, ನಿನ್ ಹೆಸ್ರು ಪೋನಲ್ಲಿ ಬಂದದಂತೆ. ಒಳೀಕೆ ಬುಡಬ್ಯಾಡ ಅಂದವ್ರೆ ಕಣಕ್ಕ" ಎಂದ. ನಾನು ನಕ್ಕೆ. "ಹೆಸರು ಬಂದ್ರೆ ಹಾರ ಹಾಕ್ತಾರೆ ಕಣೋ, ಬುಡು ದಾರಿ" ಎಂದೆ. ಅವನು ಅತ್ತುಬಿಟ್ಟ. ಆಮೇಲೆ ನಾನೂ ನಗಲಿಲ್ಲ.

ನೀವು ಓದಿದವರು, ಕೇಳಿ. ಚಂದ್ರಶಾಲೆಯ ಹಾಸಿಗೆಗಳ ಕಥೆ ಇದು. ಒಂಬತ್ತು ವರ್ಷದಿಂದ ಅಲ್ಲಿ ಹೊಸ ಹಾಸಿಗೆ ತಂದಿಲ್ಲ. ಕಲೆಯಾದರೆ ಮಗುಚಿ ಹಾಕು. ಆ ಕಡೆಯೂ ಕಲೆಯಾದರೆ ತಲೆದೆಸೆಯನ್ನು ಕಾಲುದೆಸೆಗೆ ತಿರುಗಿಸು. ಒಂದು ಹಾಸಿಗೆಗೆ ನಾಲ್ಕು ಜನ್ಮ. ನಾಲ್ಕೂ ಮುಗಿದ ಹಾಸಿಗೆ ಎಷ್ಟಿದೆ, ಯಾವ ರೂಮಿನಲ್ಲಿದೆ, ನಮಗೆ ಬಾಯಿಪಾಠ. ಇದನ್ನು ನಮಗೆ ಹೇಳಿಕೊಟ್ಟವರೇ ಹೋಟೆಲಿನವರು. ಬಾಯಿಮಾತಿನಲ್ಲಿ ಹೇಳಿದರು. ಕಾಗದದ ಮೇಲೆ ಇರುವ ನಿಯಮವೇ ಬೇರೆ. ಹಾಸಿಗೆ ಕೆಟ್ಟರೆ ಬರೆದು ವರದಿ ಕೊಡಬೇಕು, ರೂಮು ಮುಚ್ಚಬೇಕು, ಹಾಸಿಗೆ ಎಸೆಯಬೇಕು. ಕಾಗದದ ನಿಯಮ ಕೋರ್ಟಿಗೆ, ಬಾಯಿಯ ನಿಯಮ ನಮಗೆ.

ಅವತ್ತು ಬೆಳಿಗ್ಗೆ ಆರೂವರೆಗೆ ನಾನು ಸಮವಸ್ತ್ರ ಹಾಕುತ್ತಿದ್ದಾಗ ರಿಸೆಪ್ಷನ್ನಿನ ಗಗನ ಓಡಿಬಂದಳು. "ದೇವಿರಕ್ಕ, ನೂರಹನ್ನೆರಡರ ಸಾರ್ ಹಾಸಿಗೆ ಒದ್ದೆ ಮಾಡ್ಕೊಂಡವ್ರಂತೆ. ಪಾಪ, ಅವರೇ ಫೋನ್ ಮಾಡಿದ್ರು. ಮಹೇಶ್ ಸಾರಿಗೆ ಹೇಳ್ದೆ. ಹೊಸಾದು ಎಲ್ಲಿಂದ ತರೋದು, ಮಗುಚಾಕ್ಸು ಅಂದ್ರು" ಎಂದಳು. ಅದಕ್ಕೇ ನಾನು ಬಂದದ್ದು. ಕನಸು ಬಿದ್ದು ಬಂದವಳಲ್ಲ.

ಈಗ ಗಗನ "ಯಾವ ಫೋನೂ ಬಂದಿಲ್ಲ" ಎನ್ನುತ್ತಾಳೆ. ಅವಳದೂ ಗುತ್ತಿಗೆ ಕೆಲಸ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಮಹೇಶ್ ಸಾರ್ "ನನಗೆ ಗೊತ್ತೇ ಇಲ್ಲ" ಎನ್ನುತ್ತಾರೆ. ಅವರ ಕೈಯಲ್ಲಿ ನಿಮ್ಮ ಇ-ಮೇಲು ಇದೆ. ನನ್ನ ಮೇಲಿನ ದೋಷಾರೋಪದಲ್ಲಿ ನಿಮ್ಮ ಮಾತನ್ನೇ ಹಾಗೇ ಇಳಿಸಿದ್ದಾರೆ: "ಯಾರಿಗೂ ಗೊತ್ತಾಗದ ಹಾಗೆ ಕೆಟ್ಟ ಹಾಸಿಗೆಯನ್ನು ಮುಚ್ಚಿಟ್ಟು, ಮುಂದಿನ ಅತಿಥಿಗಳ ಆರೋಗ್ಯಕ್ಕೆ ಧಕ್ಕೆ ತಂದಿರುತ್ತಾಳೆ."

ಯಾಕೆ ಇಷ್ಟು ಆತುರ ಗೊತ್ತಾ? ನಾವು ಹನ್ನೆರಡು ಹೆಂಗಸರು ಕೆಲಸ ಕಾಯಂ ಮಾಡಿ ಎಂದು ಲೇಬರ್ ಕೋರ್ಟಿಗೆ ಹೋಗಿ ಆರು ವರ್ಷವಾಯಿತು. ನಾನು ಇಪ್ಪತ್ತೇಳು ವರ್ಷದಿಂದ ಅಲ್ಲಿ ನೆಲ ಒರೆಸಿದ್ದೇನೆ. ಹನ್ನೆರಡು ಜನರಲ್ಲಿ ಮೊದಲ ಹೆಸರು ನನ್ನದು. ಕಟ್ಟಡ ಹಳೆಯದಾದರೆ ಪರಂಪರೆ ಅಂತ ಬೋರ್ಡು ಹಾಕುತ್ತಾರೆ. ನಾವು ಹಳಬರಾದರೆ ಗೇಟು ಹಾಕುತ್ತಾರೆ. ನನ್ನನ್ನು ಕಳ್ಳಿ ಅಂತ ಹೊರಗೆ ಹಾಕಿದರೆ ಉಳಿದ ಹನ್ನೊಂದು ಜನರ ಬಾಯಿ ತಾನಾಗಿ ಮುಚ್ಚುತ್ತದೆ.

ಜನವರಿ 8ಕ್ಕೆ ಹೋಟೆಲಿನಲ್ಲಿ ಎನ್‌ಕ್ವೈರಿ. ನೀವು ಬಂದು ಒಂದೇ ಮಾತು ಹೇಳಬೇಕು: "ನನ್ನ ಗಂಡ ರಿಸೆಪ್ಷನ್ನಿಗೆ ಫೋನ್ ಮಾಡಿ ಹೇಳಿದ್ದರು. ಮ್ಯಾನೇಜರಿಗೆ ಹೇಳುತ್ತೇವೆ ಎಂದು ಅವರು ಉತ್ತರ ಕೊಟ್ಟಿದ್ದರು." ಆ ಫೋನು ಕೇಳಿಸಿಕೊಂಡವರು ಆ ರೂಮಿನಲ್ಲಿ ನೀವಿಬ್ಬರೇ.

ಫೋನಿನಲ್ಲಿ ಯಾಕೆ ಕೇಳುತ್ತಿಲ್ಲ ಅಂದುಕೊಳ್ಳಬಹುದು. ಕೆಲಸಗಾರರ ಸಂಘದಲ್ಲಿ ನಮಗೆ ಕಲಿಸಿದ ಮೊದಲನೇ ಪಾಠ, ಏನಿದ್ದರೂ ಬರವಣಿಗೆಯಲ್ಲಿ ಇರಲಿ ಎಂದು. ನೀವೂ ಕಾಗದದಲ್ಲೇ ಉತ್ತರ ಕೊಡಿ.

ದೇವಿರಮ್ಮ


ಪುಣೆ
4 ಜನವರಿ 2025

ದೇವಿರಮ್ಮ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನನ್ನು ಕ್ಷಮಿಸಿ. ಒಳ್ಳೆಯದನ್ನೇ ಮಾಡಲು ಹೋದೆ. ನಿಮ್ಮ ಪತ್ರ ಬಂದ ದಿನವೇ ನಾನು ಬರೆದದ್ದನ್ನೆಲ್ಲ ಅಳಿಸಿಹಾಕಿದ್ದೇನೆ. ಈಗ ಅಲ್ಲಿ ಏನೂ ಇಲ್ಲ. ಇದರಿಂದ ನಿಮಗೆ ಅನುಕೂಲ ಆಗಿರಬೇಕು.

ಆದರೆ ನಾನು ಬರಲಾರೆ. ಯಾಕೆಂದು ಹೇಳುತ್ತೇನೆ, ಬೇರೆ ಯಾರಿಗೂ ಹೇಳಿಲ್ಲ.

ನವೆಂಬರಿನಲ್ಲಿ ಮನೆಗೆ ಬರುವ ನರ್ಸು, ನಾನು ಹೋಟೆಲಿನ ಬಗ್ಗೆ ಬರೆದದ್ದನ್ನು ಇವರಿಗೆ ಓದಿ ಹೇಳಿದಳಂತೆ. ಅವತ್ತಿನಿಂದ ಇವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಊಟಕ್ಕೆ ಹೋದರೆ ಮುಖ ತಿರುಗಿಸುತ್ತಾರೆ. ನಾಲ್ಕು ಜಿಲ್ಲೆಗೆ ನೀರು ಹರಿಸಿದ ಮನುಷ್ಯ. ಕಛೇರಿಯಲ್ಲಿ ಇವರೆದುರು ಯಾರೂ ಕೂರುತ್ತಿರಲಿಲ್ಲ. ಅಂಥವರ ಹಾಸಿಗೆಯ ವಿಷಯವನ್ನು ನಾನು ಊರಿಗೆಲ್ಲ ಡಂಗುರ ಸಾರಿದೆ. ನಾಚಿಕೆಯಿಂದ ಒಳಗೇ ಸಾಯುತ್ತಿದ್ದಾರೆ. ಈಗ ಮತ್ತೆ ಮೈಸೂರಿಗೆ ಬಂದು, ಗಂಡಸರ ಎದುರು ನಿಂತು, ಇವರು ಆ ಬೆಳಿಗ್ಗೆ ತೊದಲಿಕೊಂಡು ಫೋನಿನಲ್ಲಿ ಏನು ಹೇಳಿದರು ಎಂದು ನಾನು ಹೇಳಬೇಕೇ? ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಅದು ನನ್ನ ಬಾಯಿಗೆ ಬರುವುದಿಲ್ಲ.

ನೀವೂ ಹೆಂಗಸು. ಅರ್ಥಮಾಡಿಕೊಳ್ಳಿ. ಬೇರೆ ಯಾವ ಸಹಾಯ ಬೇಕಾದರೂ ಕೇಳಿ.

ಸುಚಿತ್ರಾ


ಕುಂಬಾರಕೊಪ್ಪಲು
16 ಜನವರಿ 2025

ಸುಚಿತ್ರಾ ಅವರಿಗೆ,

ನಿಮ್ಮ ಕಾಗದ ಕೈ ಸೇರಿದ್ದು ಹತ್ತನೇ ತಾರೀಕು. ಎಂಟಕ್ಕೇ ಎನ್‌ಕ್ವೈರಿ ಇತ್ತು. ಬೆಳಿಗ್ಗೆ ಹತ್ತರಿಂದ ಗೇಟಿನ ಹತ್ತಿರ ನಿಂತು ಬರುವ ಹೋಗುವ ಆಟೋಗಳಲ್ಲೆಲ್ಲ ನಿಮ್ಮನ್ನು ಹುಡುಕಿದೆ. ಮೂಗಯ್ಯ, "ಬತ್ತಾರೆ ಸುಮ್ನಿರಕ್ಕ, ಓದ್ದೋರು ಟೇಮಿಗೆ ಸರ್ಯಾಗ್ ಬತ್ತಾರೆ" ಎಂದು ಸಮಾಧಾನ ಹೇಳುತ್ತಿದ್ದ.

ನೀವು ಅಳಿಸಿದ್ದು ಏನಾಯಿತು ಎಂದು ಕೇಳಿ. ಅವರ ಹತ್ತಿರ ಅದರ ಫೋಟೋ ಇದೆ, ಇ-ಮೇಲ್ ಇದೆ. ಈಗ ಹೊಸ ಆರೋಪ ಸೇರಿಸಿದ್ದಾರೆ: "ಅತಿಥಿಯನ್ನು ಬೆದರಿಸಿ ಅಭಿಪ್ರಾಯವನ್ನು ಅಳಿಸಿಹಾಕಿಸಿರುತ್ತಾಳೆ." ಮಹೇಶ್ ಸಾರ್ ನನ್ನ ಮುಖ ನೋಡಿಕೊಂಡೇ ಹೇಳಿದರು, "ಏನಮ್ಮಾ ದೇವಿರಮ್ಮ, ಪುಣೆವರೆಗೂ ನಿನ್ ಕೈ ಉದ್ದ ಐತಲ್ಲ!" ನಿಮ್ಮ ಒಂದೊಂದು ಉಪಕಾರವೂ ನನಗೆ ಒಂದೊಂದು ಏಟು. ದಯವಿಟ್ಟು ಇನ್ನು ನನಗಾಗಿ ಏನನ್ನೂ ಮಾಡಬೇಡಿ, ಕೇಳಿದ್ದೊಂದನ್ನು ಬಿಟ್ಟು.

ನಾಚಿಕೆ ಅಂದಿರಿ. ಆ ಮಾತಿಗೇ ಬರುತ್ತೇನೆ.

ನಾನು ಅಲ್ಲಿ ಇಪ್ಪತ್ತೇಳು ವರ್ಷ ಎತ್ತಿದ್ದು ಯಾರ ಯಾರ ನಾಚಿಕೆ? ಮದುವೆ ಬೀಗರ ವಾಂತಿ. ದೊಡ್ಡ ದೊಡ್ಡ ಸಾಹೇಬರ ಖಾಲಿ ಬಾಟಲಿ. ಹೆಂಗಸರು ಕಾಗದದಲ್ಲಿ ಸುತ್ತಿಡದೆ ಬಿಟ್ಟುಹೋದದ್ದು. ಒಬ್ಬರೂ ನನ್ನ ಮುಖ ನೋಡಿ "ಸಾರಿ ಕಣಮ್ಮ" ಅಂದಿಲ್ಲ. ನಾವು ಒಳಗೆ ಬಂದರೆ ಅವರಿಗೆ ಗೋಡೆ ಒಳಗೆ ಬಂದ ಹಾಗೆ. ಹಾಗೆ ಅಂದವರು ಒಬ್ಬರೇ ಒಬ್ಬರು, ನಿಮ್ಮ ಯಜಮಾನರು. ಮೊದಲನೇ ದಿನ ಹಾಸಿಗೆ ಎತ್ತುವಾಗ ನನ್ನ ಕೈ ಹಿಡಿದುಕೊಂಡು, ಬಾಯಿ ಸೊಟ್ಟಗಾದರೂ ಬಿಡದೆ, "ತಪ್ಪಾಯ್ತಮ್ಮ" ಅಂದರು. ನೀವು ಆಗ ಬಾಲ್ಕನಿಯಲ್ಲಿ ಮುಖ ಆ ಕಡೆ ಮಾಡಿ ನಿಂತಿದ್ದಿರಿ. ನಾಚಿಕೆ ಯಾರಿಗಿತ್ತು ಸುಚಿತ್ರಾ ಅವರೇ? ತಾನೇ ಫೋನ್ ಎತ್ತಿ ಹೇಳಿದವರಿಗಾ, ನಿಮಗಾ?

"ನೀವೂ ಹೆಂಗಸು" ಅಂತ ಬರೆದಿದ್ದೀರಿ. ಹೌದು. ನಾನು ಹೆಂಗಸು ಅಂತ ನಿಮಗೆ ಜ್ಞಾಪಕ ಬರುವುದು ನಾನು ಬಾಯಿ ಮುಚ್ಚಿಕೊಳ್ಳಬೇಕಾದಾಗ ಮಾತ್ರ. ನನ್ನನ್ನು ಹೊಗಳುವುದಕ್ಕೆ ಆ ಹಾಸಿಗೆ ಬೇಕಿತ್ತು, ಆಗ ನಿಮಗೆ ಮಾನ ಹೋಗಲಿಲ್ಲ. ನನ್ನನ್ನು ಉಳಿಸುವುದಕ್ಕೆ ಅದೇ ಹಾಸಿಗೆ ಬೇಕು ಅಂದರೆ ಹೋಗಿಬಿಡುತ್ತದೆ.

ಸಂಘದ ವಕೀಲ ಮಹದೇವು ಅವರು ಜಗಳ ಆಡಿ ಎನ್‌ಕ್ವೈರಿಯನ್ನು ಫೆಬ್ರವರಿ 12ಕ್ಕೆ ಮುಂದಕ್ಕೆ ಹಾಕಿಸಿದ್ದಾರೆ. ಇನ್ನೊಂದು ಅವಕಾಶ ಇಲ್ಲ. ಬರಲಾಗದಿದ್ದರೆ ಸಾಹೇಬರೋ ನೀವೋ ನಡೆದದ್ದನ್ನು ಬರೆದು ರುಜು ಮಾಡಿ ಕಳಿಸಿದರೂ ನಡೆಯುತ್ತದೆ. ಈ ಕಾಗದವನ್ನು ಅವರಿಗೂ ಓದಿ ಹೇಳಿ.

ದೇವಿರಮ್ಮ


ಪುಣೆ
3 ಮಾರ್ಚ್ 2025

ದೇವಿರಮ್ಮನವರಿಗೆ,

ಫೆಬ್ರವರಿ 20ರಂದು ಇವರು ತೀರಿಕೊಂಡರು. ಬೆಳಿಗ್ಗೆ ಗಂಜಿ ಕುಡಿಸುವಾಗ ಎರಡನೇ ಚಮಚಕ್ಕೇ ಉಸಿರು ನಿಂತಿತು. ಹನ್ನೊಂದನೆಯ ದಿನದ ಕಾರ್ಯ ನಿನ್ನೆ ಮುಗಿಯಿತು.

ಇದರ ಜೊತೆಗೆ ಒಂದು ಹಾಳೆ ಇಟ್ಟಿದ್ದೇನೆ. ಅದರ ಮೇಲಿನ ತಾರೀಕನ್ನು ನೀವು ನೋಡುತ್ತೀರಿ. ನೋಡಿದ ಮೇಲೆ ನನ್ನ ಬಗ್ಗೆ ಏನು ಅಂದುಕೊಳ್ಳುತ್ತೀರೋ ಅದಕ್ಕೆಲ್ಲ ನಾನು ಅರ್ಹಳು.

ನಿಮ್ಮ ಜನವರಿ ಪತ್ರವನ್ನು ನಾನು ಇವರಿಗೆ ಓದಲಿಲ್ಲ. ನನ್ನ ದಿಂಬಿನ ಕೆಳಗೆ ಇಟ್ಟಿದ್ದೆ. ಹಾಸಿಗೆ ಸರಿಮಾಡುವಾಗ ನರ್ಸಿಗೆ ಸಿಕ್ಕಿತು, ಇವರು ಓದಿಸಿಕೊಂಡರು. ನಾನು ಅಡುಗೆಮನೆಯಿಂದ ಬಂದಾಗ ಎಡಗೈಯನ್ನು ಮೇಜಿನ ಮೇಲೆ ಬಡಿಯುತ್ತಿದ್ದರು. "ಪೆನ್ನು" ಎಂದರು. ಎರಡು ತಿಂಗಳಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು. ಎಂದೂ ಬರೆಯದ ಎಡಗೈಯಲ್ಲಿ ಎರಡು ದಿನ ಕೂತು ಬರೆದರು. ಬರೆದು ನನ್ನ ಕಡೆಗೆ ತಳ್ಳಿ, "ಫೋನು... ಯಾಕೆ ಬಿಟ್ಟೆ?" ಎಂದರು. ಇಷ್ಟು ದಿನ ಅವರು ಮುಖ ತಿರುಗಿಸಿದ್ದು ಅದಕ್ಕೆ. ಹಾಸಿಗೆಯ ವಿಷಯ ಬರೆದದ್ದಕ್ಕಲ್ಲ. ಅವರು ಮಾಡಿದ ಫೋನನ್ನು ನಾನು ನುಂಗಿಹಾಕಿದ್ದಕ್ಕೆ.

"ಇವತ್ತೇ ಅಂಚೆಗೆ ಹಾಕು" ಎಂದರು. ಹಾಕಿದೆ ಎಂದು ಸುಳ್ಳು ಹೇಳಿ ಕಪಾಟಿನಲ್ಲಿಟ್ಟೆ. ಒಂದೊಂದು ಅಕ್ಷರವೂ ಮುರಿದು ಬಿದ್ದ ಆ ಬರವಣಿಗೆಯನ್ನು ನಿಮ್ಮ ಮಹೇಶ್ ಕೈಯಲ್ಲಿ ಹಿಡಿದು ನಗುವುದನ್ನು ನೆನೆಸಿಕೊಂಡರೆ ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಫೆಬ್ರವರಿ 12ರ ಸಂಜೆ ಇವರು, "ದೇವಿರಮ್ಮಂದು ಏನಾಯ್ತು?" ಎಂದು ಕೇಳಿದರು. "ಎಲ್ಲ ಒಳ್ಳೇದಾಯ್ತು" ಎಂದೆ. ನಕ್ಕರು. ಎಡಗಡೆ ಅರ್ಧ ಮುಖದಲ್ಲಿ.

ಆ ನಗುವಿನ ಮೇಲೆಯೇ ಹೋದರು.

ಏನಾಯಿತು, ದೇವಿರಮ್ಮ? ನನಗೆ ತಿಳಿಸಿ.

ಸುಚಿತ್ರಾ

(ಜೊತೆಗಿದ್ದ ಹಾಳೆ)

27-1-2025
ನಾನು ರುದ್ರಸ್ವಾಮಿ, ನಿವೃತ್ತ ಮುಖ್ಯ ಇಂಜಿನಿಯರ್, ನಿಜ ಹೇಳುತ್ತೇನೆ. 10-10-24 ಬೆಳಿಗ್ಗೆ 6-15. ರೂಂ 112. ಹಾಸಿಗೆಯಲ್ಲಿ ಮೂತ್ರ ಆಯಿತು. ನಾನೇ ರಿಸೆಪ್ಷನ್‌ಗೆ ಫೋನ್ ಮಾಡಿ ಹೇಳಿದೆ. ಹೆಣ್ಣುಮಗಳ ದನಿ. ಮ್ಯಾನೇಜರಿಗೆ ಹೇಳುತ್ತೇನೆ ಎಂದಳು. ಹತ್ತು ನಿಮಿಷಕ್ಕೆ ಅವಳೇ ಫೋನ್ ಮಾಡಿ ಮ್ಯಾನೇಜರ್ ಆಳು ಕಳಿಸುತ್ತಿದ್ದಾರೆ ಎಂದಳು. ಆಮೇಲೆ ದೇವಿರಮ್ಮ ಬಂದರು. ಅವರು ಏನೂ ಮುಚ್ಚಿಟ್ಟಿಲ್ಲ. ನಾನೂ ಮುಚ್ಚಿಡುವುದಿಲ್ಲ.
ರುದ್ರಸ್ವಾಮಿ


ಕುಂಬಾರಕೊಪ್ಪಲು
19 ಮಾರ್ಚ್ 2025

ಸುಚಿತ್ರಾ ಅವರಿಗೆ,

ಸಾಹೇಬರು ಹೋದದ್ದು ಕೇಳಿ ಒಂದು ಹೊತ್ತು ಒಲೆ ಹಚ್ಚಲಿಲ್ಲ. ಅವರು ನನ್ನ ಬಂಧುವಲ್ಲ, ನಮ್ಮ ಜಾತಿಯವರೂ ಅಲ್ಲ. ಆದರೂ ಹಚ್ಚಬೇಕು ಅನ್ನಿಸಲಿಲ್ಲ.

ಏನಾಯಿತು ಎಂದು ಕೇಳಿದ್ದೀರಿ. ಫೆಬ್ರವರಿ 12ಕ್ಕೆ ನನ್ನ ಕಡೆ ಸಾಕ್ಷಿ ಯಾರೂ ಬರಲಿಲ್ಲ. ಕಾಗದವೂ ಬರಲಿಲ್ಲ. 17ಕ್ಕೆ ವಜಾ ಆದೇಶ ಬಂತು. ಮೂವರು ಹೆಂಗಸರು ಆಗಲೇ ಕಾಯಂ ಕೇಸಿನಿಂದ ಹೆಸರು ತೆಗೆಸಿದ್ದಾರೆ. ಅವರಲ್ಲಿ ಒಬ್ಬಳು ಕುಸುಮ, ನನ್ನ ಜೊತೆ ಹದಿನಾರು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳು. "ನಿನ್ನಂಗೆ ಆಗ್ಬುಟ್ರೆ ನಂ ಮಕ್ಕಳ ಗತಿ ಏನಕ್ಕ?" ಎಂದು ಕೇಳಿದಳು.

ಸಾಹೇಬರ ಹಾಳೆಯನ್ನು ಸಂಘದ ಆಫೀಸಿನಲ್ಲಿ ಜೋರಾಗಿ ಓದಿದೆ. "ನಾನೂ ಮುಚ್ಚಿಡುವುದಿಲ್ಲ" ಎಂಬ ಕೊನೆಯ ಮಾತನ್ನು ಓದಲಾಗಲಿಲ್ಲ, ಮಹದೇವು ಅವರು ಓದಿ ಮುಗಿಸಿದರು. ಒಂದು ತಿಂಗಳು ಮೊದಲು ಅಂಚೆ ಪೆಟ್ಟಿಗೆಗೆ ಬಿದ್ದಿದ್ದರೆ ಆ ಹಾಳೆ ನನ್ನನ್ನು ಉಳಿಸುತ್ತಿತ್ತು. ಇದನ್ನು ನಿಮಗೆ ನೋವಾಗಲಿ ಎಂದೇ ಬರೆಯುತ್ತಿದ್ದೇನೆ. ಸಾಯುವ ಮನುಷ್ಯ ಮಾನ ಬಿಟ್ಟು ಬರೆದ. ಬದುಕಿರುವವರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ವಜಾ ವಿರುದ್ಧ ಲೇಬರ್ ಕೋರ್ಟಿನಲ್ಲಿ ಕೇಸು ಹಾಕಿದ್ದೇವೆ. ಹಾಳೆಯನ್ನೂ ಕೊಟ್ಟಿದ್ದೇವೆ. ಹೋಟೆಲಿನ ವಕೀಲರು ಆಗಲೇ ತಕರಾರು ತೆಗೆದಿದ್ದಾರೆ. ಸತ್ತವನನ್ನು ಪ್ರಶ್ನೆ ಕೇಳಲಾಗುವುದಿಲ್ಲ, ಈ ಅಕ್ಷರ ಅವನದೇ ಎನ್ನುವುದಕ್ಕೆ ಏನು ಆಧಾರ, ಬಲಗಡೆ ಬಿದ್ದುಹೋಗಿದ್ದವನು ಬರೆದದ್ದು ಹೇಗೆ ಎಂದು. ಅವರು ಬರೆಯುವುದನ್ನು ಕಣ್ಣಾರೆ ನೋಡಿದ ನೀವು ಬಂದು ಹೇಳದಿದ್ದರೆ ಅದು ರದ್ದಿ ಕಾಗದ. ಜುಲೈ 7, ಸೋಮವಾರ, ಸಾಕ್ಷಿ ವಿಚಾರಣೆ. ಹೋಟೆಲಿನ ಕೂಪನ್ ಬಳಸಬೇಡಿ. ನಮ್ಮ ಮನೆಯಲ್ಲಿ ಒಂದೇ ಕೋಣೆ, ನಿಮಗೆ ಮಂಚ ಕೊಟ್ಟು ನಾನು ಕೆಳಗೆ ಮಲಗುತ್ತೇನೆ.

ದೇವಿರಮ್ಮ


ಪುಣೆ
10 ಏಪ್ರಿಲ್ 2025

ದೇವಿರಮ್ಮನವರಿಗೆ,

ಬರುತ್ತೇನೆ. ಇವರ ಫೋಟೋದ ಎದುರು ನಿಂತು ಬರೆಯುತ್ತಿದ್ದೇನೆ. ಜುಲೈ 6ಕ್ಕೆ ಮೈಸೂರಿನಲ್ಲಿ ಇರುತ್ತೇನೆ.

ವಕೀಲರನ್ನು ಒಂದು ಮಾತು ಕೇಳಿ. ಆ ಹಾಳೆಯನ್ನು ಎಲ್ಲರೆದುರು ಗಟ್ಟಿಯಾಗಿ ಓದಲೇಬೇಕೇ? ಜಡ್ಜ್ ಅವರು ಮನಸ್ಸಿನಲ್ಲೇ ಓದಿಕೊಂಡರೆ ಸಾಲದೇ? ನಾನು "ಹೌದು, ಇದು ನನ್ನ ಪತಿಯ ಕೈಬರಹ" ಎಂದಷ್ಟೇ ಹೇಳಿ ಇಳಿದುಬರುವ ಹಾಗೆ ಮಾಡಲು ಆಗುತ್ತದೆಯೇ?

ಸುಚಿತ್ರಾ


ಕುಂಬಾರಕೊಪ್ಪಲು
8 ಜುಲೈ 2025

ಸುಚಿತ್ರಾ ಅವರಿಗೆ,

ಭಾನುವಾರ ರೈಲು ನಿಲ್ದಾಣದಲ್ಲಿ ಮೂರು ಗಾಡಿ ನೋಡಿದೆ. ಮೂರನೆಯದು ಖಾಲಿಯಾದ ಮೇಲೆ ಮನೆಗೆ ಬಂದೆ. ಬಸ್ಸಿನಲ್ಲಿ ಬರುತ್ತೀರೇನೋ ಎಂದು ನಿನ್ನೆ ಒಂಬತ್ತಕ್ಕೇ ಕೋರ್ಟಿನಲ್ಲಿದ್ದೆ.

ಹನ್ನೆರಡೂಕಾಲಿಗೆ ನಮ್ಮ ಕೇಸು ಬಂತು. ಜವಾನ ಪಡಸಾಲೆಗೆ ಬಂದು "ಸುಚಿತ್ರಾ ರುದ್ರಸ್ವಾಮೀ..." ಎಂದು ಕೂಗಿದ. ಯಾರೂ ಏಳಲಿಲ್ಲ. ಇನ್ನೊಂದು ಸಲ ಕೂಗಿದ. ನಾನು ಮೆಟ್ಟಿಲಿಳಿದು ಗೇಟಿನವರೆಗೂ ಹೋಗಿ ನೋಡಿ ಬಂದೆ. ಮೂರನೇ ಸಲ ಕೂಗುವಾಗ ಅವನಿಗೇ ಬೇಜಾರಾಗಿ, ನನ್ನ ಕಡೆ ತಿರುಗಿ, "ಬರಕಿಲ್ಲ ಅನ್ಸುತ್ತೆ ಬುಡಮ್ಮ" ಎಂದ. ಮಹೇಶ್ ಸಾರ್ ಕೈಗಡಿಯಾರ ನೋಡಿಕೊಂಡು ಹೊರಗೆ ಹೋದರು. ಅವರ ಮುಖದಲ್ಲಿ ನಗು ಕೂಡ ಇರಲಿಲ್ಲ. ನೀವು ಬರುವುದಿಲ್ಲ ಅಂತ ಅವರಿಗೆ ಅಷ್ಟು ಖಾತ್ರಿ.

ಸಾಹೇಬರ ಹಾಳೆಯನ್ನು ನಿನ್ನೆ ಗಟ್ಟಿಯಾಗಿ ಓದಲಿಲ್ಲ. ಮನಸ್ಸಿನಲ್ಲೂ ಓದಲಿಲ್ಲ. ಫೈಲಿನಲ್ಲಿ ಮಡಿಚಿ ಇಟ್ಟರು. ನಿಮಗೆ ಸಮಾಧಾನ ಆಯಿತೇ?

ಕುಸುಮಳ ಹಾದಿ ಹಿಡಿದು ಇನ್ನೂ ಇಬ್ಬರು ಹೋದರು. ಈಗ ಉಳಿದಿರುವುದು ಏಳು ಜನ, ನನ್ನನ್ನೂ ಸೇರಿಸಿ. ನಾನು ಮಂಡಿ ಮೊಹಲ್ಲಾದ ಒಂದು ಛತ್ರದಲ್ಲಿ ಪಾತ್ರೆ ಉಜ್ಜುತ್ತೇನೆ. ಮದುವೆ ಇದ್ದ ದಿನ ಕೆಲಸ, ಇಲ್ಲದ ದಿನ ಇಲ್ಲ.

ನಿಮ್ಮ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಗಂಡ ಸತ್ತು ಐದು ತಿಂಗಳೂ ತುಂಬಿಲ್ಲ. ಆದರೆ ಅರ್ಥಮಾಡಿಕೊಳ್ಳುವ ಕೆಲಸವನ್ನು ಯಾವಾಗಲೂ ನಮಗೇ ವಹಿಸುತ್ತಾರೆ. ಅದಕ್ಕೂ ಸಂಬಳ ಇಲ್ಲ. ನಾನು ಆ ಕೆಲಸ ಬಿಟ್ಟಿದ್ದೇನೆ.

ಮಹದೇವು ಅವರು, "ಸಮನ್ಸ್ ಕೇಳೋಣವಾ ದೇವಿರಮ್ಮ? ದುಃಖದಲ್ಲಿ ಇರೋ ಹೆಣ್ಣುಮಗಳು, ಮನೆಗೆ ಕೋರ್ಟಿನೋರು ಹೋದ್ರೆ ಬೇಜಾರು ಮಾಡ್ಕೊಳ್ಳಲ್ವಾ?" ಎಂದು ಕೇಳಿದರು. "ಮಾಡ್ಕೊಳ್ಳಲಿ" ಎಂದೆ. ಅರ್ಜಿಗೆ ಅಲ್ಲೇ ರುಜು ಹಾಕಿದೆ. ಸೆಪ್ಟೆಂಬರ್ 15ಕ್ಕೆ ನೀವು ಹಾಜರಾಗಬೇಕು ಎಂದು ಆದೇಶವಾಗಿದೆ. ಈ ಕಾಗದಕ್ಕಿಂತ ಮೊದಲೇ ಅದು ನಿಮ್ಮನ್ನು ಮುಟ್ಟಬಹುದು.

ಇಪ್ಪತ್ತೇಳು ವರ್ಷ ಬಾಗಿಲು ತಟ್ಟಿ, ಒಳಗಿನಿಂದ "ಆಮೇಲೆ ಬಾ" ಅಂದರೆ ಆಮೇಲೆ ಹೋದವಳು ನಾನು. ಈ ಸಲ ತಟ್ಟುವವರು ಹಾಗೆ ಹೋಗುವುದಿಲ್ಲ. ತೆಗೆಯಿರಿ.

ದೇವಿರಮ್ಮ